ಕಾಶಿಗೆ ಕರೆದೊಯ್ಯುವವರೇ, ಆ ಎರಡು ಬೆಳಗು ಯಾತ್ರಿಕರಿಗೆ ಬಿಡಿ

ಗೆ,
ಕರ್ನಾಟಕದಿಂದ ಕಾಶಿ ಯಾತ್ರೆ ಏರ್ಪಡಿಸುವ ಎಲ್ಲ ಟ್ರಾವೆಲ್ಸ್ ಮಾಲೀಕರು, ಯಾತ್ರಾ ಸಂಘಟಕರು ಮತ್ತು ತಂಡದ ವ್ಯವಸ್ಥಾಪಕರಿಗೆ

ಮಾನ್ಯರೇ,

ನಮಸ್ಕಾರಗಳು.

ನಿಮ್ಮ ಕರಪತ್ರಗಳು ಬಸ್ ನಿಲ್ದಾಣದ ಗೋಡೆಯಿಂದ ಹಿಡಿದು ವಾಟ್ಸಾಪ್ ಗುಂಪುಗಳವರೆಗೆ ಎಲ್ಲೆಡೆ ಇವೆ. ಕಾಶಿ, ಗಯಾ, ಪ್ರಯಾಗ, ಅಯೋಧ್ಯೆ. ಊಟ ವಸತಿ ಸಮೇತ. ಇದರಲ್ಲಿ ಕಾಶಿಯ ಪಾಲಿಗೆ ಬರುವುದು ಸಾಮಾನ್ಯವಾಗಿ ಎರಡು ದಿನ. ಆ ಎರಡು ದಿನದ ಕೆಳಗೆ ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿ, ಕಾಲಭೈರವ, ದುರ್ಗಾಕುಂಡ, ಮಾನಸ ಮಂದಿರ, ಸಂಕಟಮೋಚನ, ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಸಾರನಾಥ, ರಾಮನಗರದ ಕೋಟೆ, ಗಂಗಾರತಿ, ದೋಣಿ ವಿಹಾರ, ಕೊನೆಗೆ "ಶಾಪಿಂಗ್" ಎಂದು ಸಾಲಾಗಿ ಅಚ್ಚಾಗಿರುತ್ತದೆ. ಪಟ್ಟಿಯ ಮೇಲೆ ನಮಗೆ ತಕರಾರಿಲ್ಲ, ಎಲ್ಲವೂ ನೋಡತಕ್ಕ ಜಾಗಗಳೇ. ಅವನ್ನು ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ, ಎಷ್ಟು ಮೆಟ್ಟಿಲು ಹತ್ತಿಸಿ ಇಳಿಸಿ ತೋರಿಸುತ್ತೀರಿ ಎಂಬುದರ ಮೇಲೆ ತಕರಾರಿದೆ. ನಿಮ್ಮ ಬಸ್ಸಿನಲ್ಲಿ ಕೂರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಮಂಡಿ ನೋವಿನವರು, ಹಿಂದಿ ಬಾರದವರು. ಇನ್ನೊಮ್ಮೆ ಬರುತ್ತೇವೆಂಬ ಭರವಸೆ ಅವರಿಗಿರುವುದಿಲ್ಲ.

ಎರಡು ದಿನವೆಂದರೆ ಕಾಶಿಯಲ್ಲಿ ಎರಡು ಬೆಳಗು. ಲೆಕ್ಕ ಹಿಡಿಯಬೇಕಾದದ್ದು ಅಲ್ಲಿಂದ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಘಾಟುಗಳೆಲ್ಲ ಪಶ್ಚಿಮ ದಂಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ. ಘಾಟುಗಳ ನೇರ ಎದುರಿನ ದಂಡೆಯಲ್ಲಿ ಊರಿಲ್ಲ, ಬರೀ ಮರಳು. ಹಾಗಾಗಿ ಹುಟ್ಟುವ ಸೂರ್ಯನ ಬೆಳಕು ಅಡ್ಡಿಯಿಲ್ಲದೆ ನೇರ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಮಧ್ಯಾಹ್ನ 3ಕ್ಕೆ ದೋಣಿ ಹತ್ತಿಸಿದರೆ ಅದೇ ಸೂರ್ಯ ಕಟ್ಟಡಗಳ ಹಿಂದೆ ಹೋಗಿರುತ್ತಾನೆ, ಘಾಟುಗಳು ನೆರಳಿನಲ್ಲಿ ಮಂಕಾಗಿ, ಯಾತ್ರಿಕರು ಕಣ್ಣು ಕಿರಿದು ಮಾಡಿಕೊಂಡು ನೋಡುವಂತಾಗುತ್ತದೆ. ಇನ್ನು ಕರಪತ್ರದಲ್ಲಿ ವರ್ಷವಿಡೀ "ಬೆಳಿಗ್ಗೆ 6ಕ್ಕೆ ಸೂರ್ಯೋದಯ ದೋಣಿ ವಿಹಾರ" ಎಂದಿರುತ್ತದಲ್ಲ, ಅದು ಬೆಂಗಳೂರಿನ ಗಡಿಯಾರ. ಜೂನ್‌ನಲ್ಲಿ ಕಾಶಿಯ ಸೂರ್ಯ 5 ಗಂಟೆ ದಾಟುತ್ತಿದ್ದಂತೆ ಮೇಲೆ ಬಂದಿರುತ್ತಾನೆ. ಜನವರಿಯ ಆರಂಭದಲ್ಲಿ ಆರೂಮುಕ್ಕಾಲಿನವರೆಗೂ ಕಾಣುವುದಿಲ್ಲ, ಮಂಜು ಕವಿದರೆ 9 ಆದರೂ ಇಲ್ಲ. ಡಿಸೆಂಬರ್‌ನಲ್ಲಿ ಸಂಜೆ 5 ದಾಟುತ್ತಲೇ ಮುಳುಗುತ್ತಾನೆ, ನಮ್ಮೂರಿಗಿಂತ ಮುಕ್ಕಾಲು ಗಂಟೆ ಮುಂಚೆ. ತಿಂಗಳಿಗೆ ತಕ್ಕಂತೆ ಹೊತ್ತು ಬದಲಿಸಿ ಅಚ್ಚು ಹಾಕುವುದಕ್ಕೆ ಹೆಚ್ಚೇನೂ ಖರ್ಚಿಲ್ಲ.

ಆ ಎರಡು ಬೆಳಗುಗಳಲ್ಲಿ ಒಂದು ನದಿಗೆ, ಇನ್ನೊಂದು ವಿಶ್ವನಾಥನಿಗೆ. ಈಗ ಆಗುತ್ತಿರುವುದು ಬೇರೆ. ಪ್ರಯಾಗದಿಂದ ಸುಮಾರು 120 ಕಿಲೋಮೀಟರ್ ರಾತ್ರಿ ಪ್ರಯಾಣ ಮಾಡಿಸಿ ನಡುರಾತ್ರಿಗೆ ಕೋಣೆ ಕೊಡುತ್ತೀರಿ, ಮೊದಲ ಬೆಳಗು ನಿದ್ದೆಗೆ ಹೋಯಿತು. ಎರಡನೆಯದು ತಿಂಡಿಗೆ ಹೋಗುತ್ತದೆ. ಅಡುಗೆಯವರನ್ನು ಜೊತೆಗೆ ಕರೆತಂದು ಅಷ್ಟು ದೂರದಲ್ಲಿ ಅನ್ನ ಸಾರು ಬಡಿಸುವ ನಿಮ್ಮ ಶ್ರಮ ಸಣ್ಣದಲ್ಲ, ಹಿರಿಯರು ಅದನ್ನು ನೆನೆಯುತ್ತಾರೆ. ಆದರೆ ತಿಂಡಿ ಎಂಟೂವರೆಗೆ ಇಳಿದು, ಎಲ್ಲರೂ ತಿಂದು, ಹಾಜರಿ ತೆಗೆದು ಹೊರಡುವಾಗ ಹತ್ತು. ಕಾಶಿಯ ನಿಮ್ಮ ವೇಳಾಪಟ್ಟಿಯನ್ನು ಉಪ್ಪಿಟ್ಟಿನ ಬಾಣಲೆ ಬರೆಯುತ್ತಿದೆ ಎಂದರೆ ಬೇಸರಿಸಬೇಡಿ. ದರ್ಶನಕ್ಕೆ ಹೇಗೂ ಬರಿಹೊಟ್ಟೆಯಲ್ಲಿ ಹೋಗುವ ರೂಢಿಯವರೇ ಹೆಚ್ಚು. ಒಂದು ಲೋಟ ಕಾಫಿ, ಸಕ್ಕರೆ ಕಾಯಿಲೆಯವರಿಗೆ ನಾಲ್ಕು ಬಿಸ್ಕತ್ತು ಕೊಟ್ಟು ಹೊರಡಿಸಿ, ತಿಂಡಿ ಬಂದಮೇಲೆ ಆಗಲಿ.

ಹತ್ತಕ್ಕೆ ಹೊರಟರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ, ಆದರೂ ಬರೆಯುತ್ತೇವೆ. ದೊಡ್ಡ ಬಸ್ಸು ಹಗಲಿನಲ್ಲಿ ಹಳೇ ಊರಿನೊಳಗೆ ಬರುವಂತಿಲ್ಲ. ಎಲ್ಲೋ ಹೊರಗೆ ನಿಲ್ಲುತ್ತದೆ. ಅಲ್ಲಿಂದ ಇ-ರಿಕ್ಷಾ, ಅದೂ ದೇಗುಲಕ್ಕೆ ಹತ್ತಿರದ ವೃತ್ತಗಳಾದ ಗೊದೌಲಿಯಾ ಅಥವಾ ಮೈದಾಗಿನ್‌ವರೆಗೆ ಮಾತ್ರ. ಆಮೇಲೆ ನಡಿಗೆ. ಗುಂಪಿನ ಮುಂದಿನವರು ಸಾಲು ಸೇರುವ ಹೊತ್ತಿಗೆ ಹಿಂದಿನವರು ಇನ್ನೂ ರಿಕ್ಷಾಕ್ಕೆ ಚೌಕಾಸಿ ಮಾಡುತ್ತಿರುತ್ತಾರೆ. ಅಷ್ಟರಲ್ಲಿ ಸುಮಾರು ಹನ್ನೊಂದೂಕಾಲಿಗೆ ನೈವೇದ್ಯದ ಭೋಗ ಆರತಿ, ಒಂದು ಗಂಟೆಯ ಲೆಕ್ಕ. ದಿನದ ಅತಿ ಉದ್ದದ ಸಾಲಿನಲ್ಲಿ, ಅತಿ ಹೆಚ್ಚು ಬಿಸಿಲಿನಲ್ಲಿ, ಅತಿ ನಿಧಾನದ ಹೊತ್ತಿನಲ್ಲಿ ಎಪ್ಪತ್ತು ವರ್ಷದವರನ್ನು ನಿಲ್ಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗಲಾರದು.

ಮಂಗಳಾರತಿ ಬೆಳಗಿನ ಜಾವ 3ರಿಂದ 4. ಅದಕ್ಕೆ ಮುಂಗಡ ಟಿಕೆಟ್ ಬೇಕು. ಅದು ಮುಗಿದು ಸಾಮಾನ್ಯ ದರ್ಶನ ತೆರೆಯುವ ಹೊತ್ತಿಗೆ, ಅಂದರೆ 4 ಗಂಟೆಯ ಸುಮಾರಿಗೆ, ಸಾಲಿನಲ್ಲಿರುವಂತೆ ಕರೆತಂದರೆ ಹಬ್ಬ, ಸೋಮವಾರ, ಶ್ರಾವಣ ಬಿಟ್ಟು ಉಳಿದ ದಿನಗಳಲ್ಲಿ ಬೆಳಕಾಗುವುದರೊಳಗೆ ಕೆಲಸ ಮುಗಿಯುವುದುಂಟು. ಆ ಹೊತ್ತಿನಲ್ಲಿ ರಸ್ತೆಗಳೂ ಖಾಲಿ, ರಿಕ್ಷಾ ಇನ್ನಷ್ಟು ಹತ್ತಿರ ಬರುತ್ತದೆ. ಪಕ್ಕದಲ್ಲೇ ಅನ್ನಪೂರ್ಣೆ, ಮೀರ್ ಘಾಟಿನ ಕಡೆಗೆ ಸ್ವಲ್ಪ ನಡೆದರೆ ವಿಶಾಲಾಕ್ಷಿ. ಅಲ್ಲಿಂದ ಚೌಕ್ ದಾರಿಯಾಗಿ ಮೈದಾಗಿನ್ ಕಡೆ ಹೋದರೆ ಕಾಲಭೈರವ. ಇವಿಷ್ಟೂ ಒಂದೇ ಎಳೆಯಲ್ಲಿ ಬರುತ್ತವೆ. ನಿಮ್ಮಲ್ಲಿ ಕೆಲವರು ಕಾಲಭೈರವನನ್ನು ಮರುದಿನ ಸಾರನಾಥದ ಜೊತೆ ಇಟ್ಟು, ಅದೇ ಗಲ್ಲಿಗೆ ಎರಡನೇ ಸಲ ಜನರನ್ನು ಎಳೆಯುತ್ತೀರಿ. ಯಾಕೆಂದು ಇಂದಿಗೂ ಅರ್ಥವಾಗಿಲ್ಲ.

ಒಳಗೆ ಏನು ಕಾಣುತ್ತದೆಂದು ಮೊದಲೇ ಹೇಳಿಡಿ. ಸ್ಪರ್ಶ ದರ್ಶನ ಎಲ್ಲ ಹೊತ್ತಿನಲ್ಲೂ ಇಲ್ಲ, ಜನಸಂದಣಿ ಇದ್ದ ದಿನ ಇರುವುದೇ ಇಲ್ಲ. ಹೆಚ್ಚಿನವರಿಗೆ ಸಿಗುವುದು ಬಾಗಿಲ ಹೊರಗಿನಿಂದ ಕೆಲವು ಸೆಕೆಂಡುಗಳ ಝಾಂಕಿ ದರ್ಶನ. ಲಿಂಗ ಎತ್ತರದಲ್ಲಿಲ್ಲ, ನೆಲಮಟ್ಟದ ಬೆಳ್ಳಿಯ ಚೌಕದೊಳಗಿದೆ. ನಮ್ಮ ಕಡೆಯ ಗುಡಿಗಳ ಅಭ್ಯಾಸದಲ್ಲಿ ನೇರ ಎದುರಿಗೆ ನೋಡುತ್ತಾ ನಿಲ್ಲುವವರು ಏನೂ ಕಾಣದೆ ಮುಂದೆ ತಳ್ಳಿಸಿಕೊಂಡು ಹೋಗುತ್ತಾರೆ. "ಬಾಗಿಲಿಗೆ ಬಂದ ಕೂಡಲೇ ಕೆಳಗೆ ನೋಡಿ" ಎಂಬ ಒಂದು ಮಾತನ್ನು ಬಸ್ಸಿನಲ್ಲೇ ಹೇಳಿದರೆ ಸಾಕು. ಎರಡು ಸಾವಿರ ಕಿಲೋಮೀಟರ್ ಬಂದದ್ದಕ್ಕೆ ಅಷ್ಟಾದರೂ ಸಲ್ಲಬೇಡವೇ?

ಇದಕ್ಕಿಂತ ದೊಡ್ಡ ತೊಂದರೆ ಮೊಬೈಲಿನದು. ಫೋನು, ಚೀಲ, ಸ್ಮಾರ್ಟ್ ವಾಚು, ವಾಹನದ ಎಲೆಕ್ಟ್ರಾನಿಕ್ ಕೀ, ಕಡೆಗೆ ಪೆನ್ನು ಕೂಡ ಒಳಗೆ ಬಿಡುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಕಾರಿಡಾರಿನ ನಂತರ ದೇಗುಲದ ಆವರಣ ಲಲಿತಾ ಘಾಟಿನವರೆಗೆ ಹಬ್ಬಿದೆ, ಬಾಗಿಲುಗಳು ಹಲವು. ಒಂದು ದ್ವಾರದಿಂದ ಒಳಹೋದ ಹಿರಿಯರು ಜನರ ಜೊತೆ ಸಾಗಿ ಇನ್ನೊಂದು ದ್ವಾರದಿಂದ ಹೊರಬರುತ್ತಾರೆ. ಕೈಯಲ್ಲಿ ಫೋನಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಜೇಬಿನಲ್ಲಿ ಲಾಡ್ಜಿನ ಹೆಸರಿಲ್ಲ, ಮಾತು ತಿಳಿಯದು. ಕಾಶಿಯಲ್ಲಿ ಕನ್ನಡದ ಯಾತ್ರಿಕರು ದಾರಿ ತಪ್ಪುವುದು ಬಹುಪಾಲು ಹೀಗೆಯೇ. ಗಲ್ಲಿಗಳೋ, ಒಂದರಂತೆ ಇನ್ನೊಂದು. ಇದಕ್ಕೆ ಪರಿಹಾರ ಅಂಗೈಯಗಲದ ಕಾಗದ. ಲಾಡ್ಜಿನ ಹೆಸರು, ಮೊಹಲ್ಲಾ, ಹತ್ತಿರದ ಘಾಟು, ತಂಡದ ಇಬ್ಬರ ಫೋನ್ ನಂಬರು. ಒಂದು ಬದಿ ಹಿಂದಿಯಲ್ಲಿ, ಇನ್ನೊಂದು ಬದಿ ಕನ್ನಡದಲ್ಲಿ. ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿ. ಜೊತೆಗೆ ಎಲ್ಲರಿಗೂ ಒಂದೇ ದ್ವಾರದ ಸಂಖ್ಯೆ ಬಾಯಿಪಾಠ ಮಾಡಿಸಿ: "ಎಲ್ಲಿಂದ ಹೊರಬಂದರೂ 4ನೇ ಗೇಟಿಗೆ ಬನ್ನಿ." ಫೋನುಗಳನ್ನು ಲಾಡ್ಜಿನಲ್ಲೇ ಬಿಡಿಸುವುದು ಇನ್ನೂ ಒಳ್ಳೆಯದು. ದಾರಿಯ ಅಂಗಡಿಗಳವರು ಲಾಕರ್ ಉಚಿತ ಎನ್ನುತ್ತಾರೆ, ಪ್ರಸಾದದ ಬುಟ್ಟಿ ಕೊಂಡರೆ ಮಾತ್ರ ಎಂಬುದು ಆಮೇಲೆ ತಿಳಿಯುತ್ತದೆ. ದೇವಸ್ಥಾನದ್ದೇ ಲಾಕರುಗಳಿವೆ, ಅಲ್ಲಿಗೆ ಕರೆದೊಯ್ಯಿರಿ. ಹಣ ಕಟ್ಟಿ ಬೇಗ ಹೋಗುವ ಸುಗಮ ದರ್ಶನ ಬೇಕಿದ್ದವರಿಗೆ ದೇವಸ್ಥಾನದ ಅಧಿಕೃತ ಜಾಲತಾಣ ಅಥವಾ ಕೌಂಟರಿನಿಂದಲೇ ಕೊಡಿಸಿ. ದಾರಿಯಲ್ಲಿ "ವಿಐಪಿ ದರ್ಶನ" ಎಂದು ಕೂಗುವವರ ಕೈಗೆ ನಿಮ್ಮ ವ್ಯವಸ್ಥಾಪಕರೇ ಯಾತ್ರಿಕರನ್ನು ಒಪ್ಪಿಸುವುದನ್ನು ದಯವಿಟ್ಟು ನಿಲ್ಲಿಸಿ.

ವಸತಿಯ ಮಾತು. "ಕಾಶಿಯಲ್ಲಿ ಉತ್ತಮ ಹೋಟೆಲ್" ಎಂದಷ್ಟೇ ಬರೆದು, ಕ್ಯಾಂಟ್ ಸ್ಟೇಷನ್ನಿನ (ವಾರಾಣಸಿ ಜಂಕ್ಷನ್ನಿನ) ಆಚೆಯೋ ಸಾರನಾಥದ ರಸ್ತೆಯಲ್ಲೋ ಇಳಿಸುವುದು ಬಸ್ಸಿನ ಅನುಕೂಲಕ್ಕೆ. ಅಲ್ಲಿಂದ ಘಾಟಿಗೆ ದಿನಕ್ಕೆ ಎರಡು ಸಲ ಹೋಗಿಬರುವುದರಲ್ಲೇ ಮೂರ್ನಾಲ್ಕು ಗಂಟೆ ಕರಗುತ್ತದೆ. ದಕ್ಷಿಣದವರಿಗೆ ಹೊಂದುವ ನೆಲೆ ಹನುಮಾನ್ ಘಾಟ್, ಕೇದಾರ ಘಾಟ್, ಸೋನಾರ್‌ಪುರ, ಜಂಗಮವಾಡಿ ಸುತ್ತಲಿನದು. ಮಠಗಳು, ಛತ್ರಗಳು, ಇಡ್ಲಿ ಅನ್ನ ಸಿಗುವ ಜಾಗಗಳು ಅಲ್ಲಿವೆ, ಕನ್ನಡ ತೆಲುಗು ತಮಿಳು ಬಲ್ಲ ಪುರೋಹಿತರೂ ಅಲ್ಲಿಯೇ. ಹನುಮಾನ್ ಘಾಟಿಗೂ ಹರಿಶ್ಚಂದ್ರ ಘಾಟಿಗೂ ನಡುವೆ ಕರ್ನಾಟಕ ಘಾಟ್ ಎಂಬುದೇ ಇದೆ, ಹಳಬರಿಗೆ ಅದು ಮೈಸೂರು ಘಾಟ್. ಜಂಗಮವಾಡಿ ಮಠ ವೀರಶೈವ ಪಂಚಪೀಠಗಳಲ್ಲಿ ಒಂದು. ಅಗಲಿದವರ ನೆನಪಿಗೆ ಭಕ್ತರು ಸ್ಥಾಪಿಸುತ್ತ ಬಂದ ಲಿಂಗಗಳು ಅಲ್ಲಿ ಸಾವಿರ ಸಾವಿರ. ಗೊದೌಲಿಯಾದಿಂದ ಕಾಲ್ನಡಿಗೆಯ ದೂರ. ಉತ್ತರ ಕರ್ನಾಟಕದ ಯಾತ್ರಿಕರನ್ನು ಆ ಬಾಗಿಲ ಮುಂದೆಯೇ ಹಾಯಿಸಿ ಸೀರೆ ಅಂಗಡಿಗೆ ಒಯ್ಯುವ ತಂಡಗಳಿವೆ. ಇದಕ್ಕೆ ಏನನ್ನೋಣ!

ಕೋಣೆ ಎಲ್ಲಿ, ಘಾಟಿಗೆ ಎಷ್ಟು ನಡಿಗೆ, ಯಾವ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಶೌಚಾಲಯ ಯಾವ ಬಗೆಯದು ಎಂಬ ಐದು ಸಂಗತಿ ಹಣ ಕಟ್ಟಿಸಿಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಕೊಡಿ.

ಸ್ನಾನಕ್ಕೆ ಎಲ್ಲರನ್ನೂ ದಶಾಶ್ವಮೇಧ ಘಾಟಿಗೆ ಒಯ್ಯುವ ಅಗತ್ಯವಿಲ್ಲ. ಅಲ್ಲಿ ದೋಣಿಯವರು, ಫೋಟೋದವರು, ತಿಲಕ ಹಚ್ಚಿ ಕೈಯೊಡ್ಡುವವರ ನಡುವೆ ಬಟ್ಟೆ ಕಾಯುವುದೇ ಒಂದು ಕೆಲಸ. ಕೇದಾರ ಘಾಟಿನಲ್ಲಿ ಸ್ನಾನ ಮಾಡಿ ಅಲ್ಲೇ ಮೇಲಿರುವ ಕೇದಾರೇಶ್ವರನ ದರ್ಶನಕ್ಕೆ ಹತ್ತಬಹುದು. ಒಂದು ಎಚ್ಚರ: ಚಳಿಗಾಲದಲ್ಲಿ ನೀರು ಕೆಳಗಿಳಿದಿರುತ್ತದೆ, ಇಳಿಯಬೇಕಾದ ಮೆಟ್ಟಿಲು ಹೆಚ್ಚು. ಕೊನೆಯ ಮೂರ್ನಾಲ್ಕು ಮೆಟ್ಟಿಲಲ್ಲಿ ಪಾಚಿ ಕಟ್ಟಿರುತ್ತದೆ, ಹಿಡಿಯಲು ಕಂಬಿ ಇರುವ ಜಾಗ ಅಪರೂಪ. ಜಾರಿ ಸೊಂಟ ಮುರಿದುಕೊಳ್ಳುವುದು ಅಲ್ಲಿ. ಪ್ರತಿ ಹತ್ತು ಜನಕ್ಕೆ ತಂಡದ ಒಬ್ಬ ಗಟ್ಟಿಮುಟ್ಟಾದವನು ನೀರಿನಲ್ಲಿ ಮೊದಲೇ ಇಳಿದು ನಿಂತಿರಲಿ. ಆಗದವರಿಗೆ ತಂಬಿಗೆಯಲ್ಲಿ ಪ್ರೋಕ್ಷಣೆ ಸಾಕು, ಗಂಗೆ ಮುನಿಯುವುದಿಲ್ಲ. ತುಂಬಿ ತಂದ ನೀರನ್ನು ಪೂಜೆಗಿಡಲಿ, ಹಾಗೆಯೇ ಕುಡಿಸಬೇಡಿ.

ದಶಾಶ್ವಮೇಧದ ಸಂಜೆಯ ಆರತಿ ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ಸುಮಾರು 7ಕ್ಕೆ, ಮುಕ್ಕಾಲು ಗಂಟೆಯಷ್ಟು. ನೋಡಲು ಟಿಕೆಟ್ ಇಲ್ಲ. ದೋಣಿಯಿಂದ ನೋಡಿದರೆ ಎದುರಿಗೇ ಕಾಣುತ್ತದೆ, ನಿಜ. ಆದರೆ ದೋಣಿಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸುತ್ತಾರೆ, ದಶಾಶ್ವಮೇಧದಲ್ಲೇ ಹತ್ತಿಸಿದರೆ ಮೂರು ನಾಲ್ಕು ದೋಣಿ ದಾಟಿ ಹೋಗಬೇಕು. ಮುಗಿದ ಕೂಡಲೇ ಘಾಟಿನ ಜನವೆಲ್ಲ ಗೊದೌಲಿಯಾದತ್ತ ಒಟ್ಟಿಗೇ ನುಗ್ಗುತ್ತದೆ, ಒಂದು ರಿಕ್ಷಾವೂ ಸಿಗುವುದಿಲ್ಲ. ಕೇದಾರ ಘಾಟಿನಲ್ಲೋ ಅಸ್ಸಿ ಘಾಟಿನಲ್ಲೋ ಹತ್ತಿಸಿ, ಅಲ್ಲೇ ಇಳಿಸಿ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇಲ್ಲದ ದೋಣಿಯಾದರೆ ಹತ್ತಿಸಲೇಬೇಡಿ. ಬೆಳಗಿನ ವಿಹಾರ ಅಸ್ಸಿಯಿಂದ ಉತ್ತರಕ್ಕೆ, ಹೊಳೆಯ ಹರಿವಿನ ಜೊತೆಯಲ್ಲಿ ಸಾಗಿ ಪಂಚಗಂಗಾ ಘಾಟಿನವರೆಗಾದರೂ ಇರಲಿ. ಮಣಿಕರ್ಣಿಕೆಯಲ್ಲೇ ತಿರುಗಿಸಿಬಿಟ್ಟರೆ ಸಿಂಧಿಯಾ ಘಾಟಿನ ಬಳಿಯ ವಾಲಿದ ರತ್ನೇಶ್ವರ ಗುಡಿಯೂ ಬಿಂದುಮಾಧವನ ಘಾಟೂ ತಪ್ಪಿಹೋಗುತ್ತವೆ.

ಮಣಿಕರ್ಣಿಕೆ, ಹರಿಶ್ಚಂದ್ರ ಘಾಟುಗಳು ಮಸಣ. ಫೋಟೋ ತೆಗೆಯುವಂತಿಲ್ಲ, ದೋಣಿಯಿಂದಲೂ ಬೇಡ ಎಂದು ಮೊದಲೇ ಹೇಳಿ. "ಬನ್ನಿ, ಮೇಲಿಂದ ತೋರಿಸುತ್ತೇನೆ" ಎಂದು ಕರೆದು, ಬಡವರ ಚಿತೆಗೆ ಕಟ್ಟಿಗೆ ಕೊಡಿ ಎಂದು ಕಿಲೋ ಲೆಕ್ಕದಲ್ಲಿ ಹಣ ಕೀಳುವವರು ಅಲ್ಲಿ ಹಗಲೂ ರಾತ್ರಿ ಇರುತ್ತಾರೆ. ನೋಡುವುದಕ್ಕೆ ಯಾವ ಶುಲ್ಕವೂ ಇಲ್ಲ. ಸತ್ತವರ ಮನೆಯವರು ನಿಂತಿರುವ ಜಾಗಕ್ಕೆ ನಲವತ್ತು ಜನರ ಗುಂಪು ಕಟ್ಟಿಕೊಂಡು ಹೋಗುವುದೇ ತಪ್ಪು.

ಪಿತೃಕಾರ್ಯ ಮಾಡಿಸುವವರು ನಿಮ್ಮ ತಂಡದಲ್ಲಿ ಇದ್ದೇ ಇರುತ್ತಾರೆ. ಅಲ್ಲಿ ಹೋದಮೇಲೆ ಮುತ್ತಜ್ಜನ ಹೆಸರು ನೆನಪಾಗದೆ ಊರಿಗೆ ಫೋನು ಮಾಡುವುದು, ಪುರೋಹಿತರು ಅವಸರಿಸುವುದು, ಎಲ್ಲರಿಗೂ ಸಾಮೂಹಿಕವಾಗಿ ಒಂದೇ ಸಂಕಲ್ಪ ಹೇಳಿಸಿ ಮುಗಿಸುವುದು. ಹೊರಡುವ ವಾರ ಮೊದಲೇ ಒಂದು ನಮೂನೆ ಕಳುಹಿಸಿ: ಗೋತ್ರ, ತಂದೆಯ ಕಡೆ ಮೂರು ತಲೆಮಾರು, ತಾಯಿಯ ಕಡೆ ಮೂರು ತಲೆಮಾರು, ಗಂಡು ಹೆಣ್ಣು ಎರಡೂ ಹೆಸರು. ದಕ್ಷಿಣೆ ಎಷ್ಟು, ಸಾಮಗ್ರಿ ಸೇರಿಯೋ ಬೇರೆಯೋ ಎಂಬುದನ್ನು ಊರಲ್ಲೇ ಇತ್ಯರ್ಥ ಮಾಡಿ. ಸಂಕಲ್ಪ ನಡೆಯುವಾಗ ನಡುವೆ ನಿಲ್ಲಿಸಿ "ಗೋದಾನಕ್ಕೆ ಎಷ್ಟು ಕೊಡುತ್ತೀರಿ" ಎಂದರೆ, ಕೈಯಲ್ಲಿ ದರ್ಭೆ ಹಿಡಿದು ಕೂತವರು ಇಲ್ಲವೆನ್ನಲಾರರು.

ಸಾರನಾಥ ಊರಿನಿಂದ ಸುಮಾರು 10 ಕಿಲೋಮೀಟರ್. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನಮ್ಮ ರಾಷ್ಟ್ರಲಾಂಛನವಾದ ಅಶೋಕನ ಸಿಂಹಸ್ತಂಭದ ಮೂಲ ಶಿಲ್ಪ ಅದರೊಳಗಿದೆ. ಶುಕ್ರವಾರ ಒಯ್ದು ಧಮೇಕ್ ಸ್ತೂಪದ ಸುತ್ತ ಹಾಯಿಸಿ "ಸಾರನಾಥ ಆಯಿತು" ಎನ್ನುವುದು ಕ್ಯಾಲೆಂಡರ್ ನೋಡದ ತಪ್ಪು. ಮಧ್ಯಾಹ್ನ ಊಟ, ಒಂದು ಗಂಟೆ ಮಲಗಲು ಬಿಟ್ಟು ಮೂರರ ಹೊತ್ತಿಗೆ ಹೊರಟರೆ ಸಾಕು, ಸಂಗ್ರಹಾಲಯ 5ಕ್ಕೆ ಮುಚ್ಚುತ್ತದೆ. ದುರ್ಗಾಕುಂಡ, ಮಾನಸ ಮಂದಿರ, ಸಂಕಟಮೋಚನ, ವಿಶ್ವವಿದ್ಯಾಲಯ ಇವು ಊರಿನ ದಕ್ಷಿಣಕ್ಕೆ ಒಂದೇ ಮಗ್ಗುಲಲ್ಲಿವೆ, ಇನ್ನೊಂದು ಮಧ್ಯಾಹ್ನಕ್ಕೆ ಸರಿ. ಮಂಗಳವಾರ, ಶನಿವಾರ ಸಂಕಟಮೋಚನದಲ್ಲಿ ಜಾತ್ರೆ. 1916ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಎಂದು ನಿಮ್ಮ ಗೈಡುಗಳು ಒಂದು ಮಾತು ಹೇಳಿದರೆ ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ಇನ್ನಷ್ಟು ಆಸಕ್ತಿಯಿಂದ ನೋಡುತ್ತಾರೆ. ರಾಮನಗರ ಗಂಗೆಯ ಆಚೆ ದಂಡೆಯಲ್ಲಿದೆ. ಎರಡೇ ದಿನವಿದ್ದರೆ ಅದನ್ನು ಕೈಬಿಡಿ. ಭಾರತ ಮಾತಾ ಮಂದಿರವನ್ನೂ.

ರೇಷ್ಮೆ ಸೀರೆ. "ನೇಕಾರರ ಮನೆಗೆ ಭೇಟಿ" ಎಂಬ ಹೆಸರಲ್ಲಿ ಎರಡು ಗಂಟೆ ಕೂರಿಸುವುದು ಕಮಿಷನ್ನಿಗೆ ಎಂಬುದು ಈಗ ಎಲ್ಲರಿಗೂ ಗೊತ್ತು. ಕೊಳ್ಳುವವರು ಕೊಳ್ಳಲಿ. ಆದರೆ ಅದಕ್ಕಾಗಿ ಬೆಳಗನ್ನೂ ಸಂಜೆಯನ್ನೂ ತೆಗೆದುಕೊಳ್ಳಬೇಡಿ, ಬೇಡವೆಂದವರನ್ನು ಬಸ್ಸಿನಲ್ಲಿ ಕಾಯಿಸಬೇಡಿ.

ಸ್ಟೇಷನ್ನಿನ ಹೆಸರು ಸ್ಪಷ್ಟವಾಗಿ ಬರೆಯಿರಿ. ವಾರಾಣಸಿ ಜಂಕ್ಷನ್ ಬೇರೆ, ಹಿಂದೆ ಮಂಡುವಾಡೀಹ್ ಆಗಿದ್ದ ಬನಾರಸ್ ಬೇರೆ, ಹಿಂದೆ ಮೊಘಲ್‌ಸರಾಯ್ ಆಗಿದ್ದ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಗಂಗೆಯ ಆಚೆಗೆ, ಹದಿನೈದು ಕಿಲೋಮೀಟರಿಗೂ ಹೆಚ್ಚು ದೂರ. ಬೆಂಗಳೂರಿನ ಸಂಘಮಿತ್ರ ಎಕ್ಸ್‌ಪ್ರೆಸ್ ಹೋಗುವುದು ಈ ಕೊನೆಯದರ ಮೇಲೆ. ತಾವಾಗಿಯೇ ಬಂದು ತಂಡ ಸೇರಿಕೊಳ್ಳುವವರಿಗೆ ಬರೀ "ಕಾಶಿ ಸ್ಟೇಷನ್" ಎಂದು ಹೇಳಿದರೆ ಇನ್ನೂ ಗೊಂದಲ, ಕಾಶಿ ಎಂಬ ಹೆಸರಿನ ಸಣ್ಣ ನಿಲ್ದಾಣ ರಾಜಘಾಟಿನ ಬಳಿ ಬೇರೆಯೇ ಇದೆ.

ಋತುವಿನ ವಿಷಯದಲ್ಲಿ ಸತ್ಯ ಹೇಳಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರಿದರೆ ಘಾಟಿನಿಂದ ಘಾಟಿಗೆ ನಡೆಯುವ ದಾರಿ ಮುಳುಗುತ್ತದೆ, ದೋಣಿ ನಿಲ್ಲಿಸುತ್ತಾರೆ, ಆರತಿ ಛಾವಣಿಗೆ ಹೋಗುತ್ತದೆ. ರಾಜಘಾಟಿನ ಮಾಪಕದಲ್ಲಿ ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. ಪ್ರವಾಹದ ದಿನಗಳಲ್ಲಿ ನೀರಿನ ಮಟ್ಟ ದಿನದಿನವೂ ಸುದ್ದಿಯಲ್ಲಿ ಬರುತ್ತದೆ. ನೀರು ಎಚ್ಚರಿಕೆಯ ಹತ್ತಿರ ಬಂದಾಗಲೂ "ದೋಣಿ ವಿಹಾರ ಸಮೇತ" ಎಂದು ಹಣ ಪಡೆಯುವುದು ನ್ಯಾಯವಲ್ಲ. ನಡೆಯದ ದೋಣಿಯ ಹಣವನ್ನು ಹಿಂದಿರುಗಿಸುವುದಾಗಿ ಕರಪತ್ರದಲ್ಲೇ ಬರೆಯಿರಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಬಂದಿಳಿದ ದಿನವೇ ದರ್ಶನ ಇಡಬೇಡಿ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ ಕಣ್ಣಿಗೆ ಹಬ್ಬವೇ, ಆದರೆ ಮಂಡಿ ನೋವಿನವರಿಗೆ ಆ ರಾತ್ರಿ ಹೇಳಿದ್ದಲ್ಲ.

ನಮ್ಮ ಬೇಡಿಕೆಗಳು ಇಷ್ಟೇ. ಕಾಶಿಯಲ್ಲಿ ಎರಡು ರಾತ್ರಿಗಿಂತ ಕಡಿಮೆ ಇಟ್ಟು ಅದನ್ನು "ಎರಡು ದಿನ" ಎಂದು ಕರೆಯಬೇಡಿ. ಒಂದು ಬೆಳಗು ನಾಲ್ಕಕ್ಕೆ ಸಾಲಿನಲ್ಲಿ, ಇನ್ನೊಂದು ಬೆಳಗು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ದೋಣಿಯಲ್ಲಿ ಇರುವಂತೆ ಬರೆದುಕೊಡಿ. ಇ-ರಿಕ್ಷಾ, ದೋಣಿ, ದಕ್ಷಿಣೆ ಇವುಗಳಲ್ಲಿ ಯಾವುದು ನಿಮ್ಮ ದರದೊಳಗೆ, ಯಾವುದು ಹೊರಗೆ ಎಂದು ಬೇರೆ ಬೇರೆ ತೋರಿಸಿ. ಕೊರಳಿಗೆ ಆ ಎರಡು ಭಾಷೆಯ ಕಾಗದ ಕಟ್ಟಿ. ಕಾರ್ತಿಕದ ಯಾತ್ರೆಗಳಿಗೆ ನೀವು ಕರಪತ್ರ ಅಚ್ಚು ಹಾಕಿಸುವ ಮೊದಲು ಇವು ಸೇರಲಿ. ಸೇರಿಸಿದವರು ಯಾರು, ಸೇರಿಸದವರು ಯಾರು ಎಂಬುದನ್ನು ಹಣ ಕಟ್ಟುವ ಮೊದಲು ಓದಿ ನೋಡುವಂತೆ ನಮ್ಮ ನೆರೆಹೊರೆಯವರಿಗೆ ಹೇಳುತ್ತೇವೆ.

ಇತಿ,
ಕಾಶಿಯ ಗಲ್ಲಿಗಳನ್ನು ಬಲ್ಲ ಕೆಲವು ಕನ್ನಡಿಗರು